ಮೂತಿಯ ಮೇಲಿನ ಲಾಂಛನಕ್ಕೆ ಎಷ್ಟು ಬೆಲೆ?

ಹೊಸ ಕಾರು ಕೊಂಡವರ ಮನೆಗೆ ಮುಬಾರಕ್ ಹೇಳಲು ಹೋದವರು ಮೊದಲು ಏನು ಕೇಳುತ್ತಾರೆಂದು ಗಮನಿಸಿದ್ದೀರಾ ಸಹೋದರಿಯರೇ? "ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ಜಾಗ ಸಾಕಾಗುತ್ತದೆಯೇ?" ಎಂದಲ್ಲ. "ಪೆಟ್ರೋಲ್ ಎಷ್ಟು ಕುಡಿಯುತ್ತದೆ?" ಎಂದೂ ಅಲ್ಲ. "ಯಾವ ಕಂಪೆನಿ?" ಎಂದು. ಉತ್ತರ ಕೇಳಿದೊಡನೆ ಕೆಲವರ ಹುಬ್ಬು ಮೇಲೇರುತ್ತದೆ, ಕೆಲವರು "ಓ, ಅದಾ?" ಎಂದು ಸುಮ್ಮನಾಗುತ್ತಾರೆ. ಆ "ಅದಾ?" ಎಂಬ ಎರಡಕ್ಷರಕ್ಕೆ ಹೆದರಿ ಎಷ್ಟು ಮನೆಗಳು ತಮ್ಮ ಶಕ್ತಿ ಮೀರಿ ಸಾಲ ಮಾಡುತ್ತವೆಂದು ಲೆಕ್ಕ ಇಟ್ಟವರಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಕಾರು ನಿಲ್ಲಿಸಲು ಅಂಗೈಯಗಲ ಜಾಗವಿಲ್ಲದ ಬೀದಿಗಳಲ್ಲೂ ಈ ಪೈಪೋಟಿಗೇನೂ ಕೊರತೆಯಿಲ್ಲ.

ವಿಚಿತ್ರವೆಂದರೆ, ಈ ಲಾಂಛನದ ಮೋಹ ಎಷ್ಟು ಪೊಳ್ಳೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಇನ್ನೊಂದಿಷ್ಟು ಮುಂದೆ ಹೋದರೆ ಬಿಡದಿ. ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಿಂದ ಕೆಲಸ ಮಾಡುತ್ತಿದೆ. ಅಲ್ಲಿಂದ ಟೊಯೋಟಾ ಕಾರುಗಳು ಹೊರಬರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ 2018ರಲ್ಲಿ ಟೊಯೋಟಾ ಮತ್ತು ಸುಝುಕಿ ಭಾರತದಲ್ಲಿ ಒಬ್ಬರ ಕಾರನ್ನು ಇನ್ನೊಬ್ಬರಿಗೆ ಒದಗಿಸುವ ಒಪ್ಪಂದ ಮಾಡಿಕೊಂಡವು. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್ ಎಂಬ ಎರಡು ಕಾರುಗಳು ಇದೇ ಬಿಡದಿಯಲ್ಲಿ ತಯಾರಾಗತೊಡಗಿದವು. ಮೂತಿ, ದೀಪ, ಹೆಸರು ಬೇರೆ. ಒಳಗಿನ ಕಾರು ಒಂದೇ. 2023ರಲ್ಲಿ ಬಂದ ಮಾರುತಿ ಇನ್ವಿಕ್ಟೋ ಎಂದರೆ ಬಿಡದಿಯ ಇನ್ನೋವಾ ಹೈಕ್ರಾಸ್‌ಗೆ ತೊಡಿಸಿದ ಬೇರೆ ಅಂಗಿ, ಅಷ್ಟೇ. ಇನ್ನೂ ಇದೆ. 2020ರಲ್ಲಿ ಲೆಕ್ಸಸ್ ಎಂಬ ಶ್ರೀಮಂತರ ಕಾರಿನ ಇಎಸ್ ಮಾದರಿಯ ಜೋಡಣೆಯೂ ಇದೇ ಕಾರ್ಖಾನೆಯಲ್ಲಿ ಆರಂಭವಾಯಿತು. ಲೆಕ್ಸಸ್ ಯಾರದೆಂದು ಕೇಳುತ್ತೀರಾ? ಟೊಯೋಟಾದ್ದೇ! ಅಮೆರಿಕದ ಹಣವಂತರು ದುಬಾರಿ ಕಾರಿನ ಮೇಲೆ ಟೊಯೋಟಾ ಎಂಬ ಸಾಮಾನ್ಯ ಹೆಸರನ್ನು ಒಪ್ಪಲಾರರೆಂದು 1989ರಲ್ಲಿ ಹುಟ್ಟುಹಾಕಿದ ಹೆಸರದು. ನಮ್ಮಲ್ಲಿ ಯಾವ ಹೆಸರು ಪ್ರತಿಷ್ಠೆಯೋ ಅಲ್ಲಿ ಅದೇ ಸಾಲದಾಯಿತು!

ಇನ್ನು ಇದರ ಮಗ್ಗುಲು ಬದಲಿಸಿ ನೋಡಿ. 2019ರ ಜೂನ್‌ನಲ್ಲಿ ಟೊಯೋಟಾ ಷೋರೂಮಿಗೆ ಗ್ಲಾಂಝಾ ಬಂತು. ಅದು ಮಾರುತಿಯ ಬಲೆನೋ. ತಯಾರಿಸುವವರು ಸುಝುಕಿಯವರು, ಎಂಜಿನ್ ಸುಝುಕಿಯದು. "ನಮ್ಮದು ಟೊಯೋಟಾ, ಮಾರುತಿಯಲ್ಲ" ಎಂದು ಎದೆಯುಬ್ಬಿಸಿ ಹೇಳುವ ಗ್ಲಾಂಝಾ ಮಾಲೀಕರು ಹಾಗಾದರೆ ಕೊಂಡದ್ದು ಏನನ್ನು? ಏನೂ ಇಲ್ಲವೆಂದರೆ ಅನ್ಯಾಯವಾದೀತು. ಆರಂಭದಲ್ಲಿ ಬಲೆನೋಗೆ 2 ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿ ಇದ್ದರೆ ಗ್ಲಾಂಝಾಗೆ 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ಇತ್ತು. ಅದು ನಿಜವಾದ ವ್ಯತ್ಯಾಸ, ಬರೆದುಕೊಟ್ಟ ಕಾಗದ. 2024ರಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು 3 ವರ್ಷ, ಒಂದು ಲಕ್ಷ ಕಿಲೋಮೀಟರಿಗೆ ಏರಿಸಿತು. ಅಂದರೆ ನೋಡಬೇಕಾದದ್ದು ಬಾನೆಟ್ಟಿನ ಮೇಲಿನ ಲೋಹದ ತುಂಡನ್ನಲ್ಲ, ಆ ಕಾಗದವನ್ನು.

ಹಾಗೆಂದು ಹೆಸರೆಂಬುದು ಬರೀ ಗಾಳಿಮಾತು ಎಂದು ನಾನು ಹೇಳುತ್ತಿಲ್ಲ. ಕೆಲವು ಕಾರುಗಳು ಕೈಕೊಡುವುದಿಲ್ಲ ಎಂಬ ಖ್ಯಾತಿ ಗಳಿಸಿರುವುದು ದುಡಿದೇ. ಪ್ರಶ್ನೆ ಏನೆಂದರೆ, ಆ ದುಡಿಮೆ ಯಾರದು? 2000ದ ಜನವರಿಯಲ್ಲಿ ಬಂದ ಕ್ವಾಲಿಸ್ ಗಾಡಿಯನ್ನು ನೆನಪಿಸಿಕೊಳ್ಳಿ. ನೋಡಲು ಅಂದವೇನೂ ಇರಲಿಲ್ಲ. ಬೆಂಗಳೂರಿನ ಕಾಲ್ ಸೆಂಟರುಗಳ ಹುಡುಗ ಹುಡುಗಿಯರನ್ನು ರಾತ್ರಿಯಿಡೀ ಮನೆ ಮನೆಗೆ ಹೊತ್ತು ತಿರುಗಿದ್ದು ಅದು, ಜೊತೆಗೆ ಟಾಟಾ ಸುಮೋ. 2005ರಲ್ಲಿ ಕ್ವಾಲಿಸ್ ಹೋಗಿ ಇನ್ನೋವಾ ಬಂತು. ಅದೂ ಬಾಡಿಗೆ ಗಾಡಿಯಾಯಿತು. ಮದುವೆಗೆ, ದರ್ಗಾಕ್ಕೆ, ಹಜ್ ಯಾತ್ರಿಕರನ್ನು ಏರ್‌ಪೋರ್ಟಿಗೆ ಬಿಡಲು ನಾವೆಲ್ಲ ಹತ್ತಿದ್ದು ಇವುಗಳನ್ನೇ. ಚಾಲಕರು ಹಗಲೂ ರಾತ್ರಿ ಓಡಿಸಿ, ಮೀಟರಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಏರಿಸಿ, "ಇದು ಕೆಡುವುದಿಲ್ಲ" ಎಂದು ಜನರ ಕಣ್ಣಿಗೆ ತೋರಿಸಿದರು. ಟೊಯೋಟಾದ ಹೆಸರಿಗೆ ಇಲ್ಲಿ ಬೆಲೆ ಬಂದದ್ದು ಜಾಹೀರಾತಿಗಿಂತ ಹೆಚ್ಚಾಗಿ ಅವರ ಬೆವರಿನಿಂದ.

ಆದರೆ ಅದೇ ಬೆವರು ಎಟಿಯೋಸ್ ಎಂಬ ಕಾರಿಗೆ ಮುಳುವಾಯಿತು! 2010ರ ಡಿಸೆಂಬರಿನಲ್ಲಿ ಬಿಡದಿಯಿಂದಲೇ ಬಂದ ಈ ಕಾರಿನ ಆರಂಭಿಕ ಬೆಲೆ ಐದು ಲಕ್ಷದ ಒಳಗೇ ಇತ್ತು. ಒಳಾಂಗಣ ಸಪ್ಪೆ, ಮೀಟರು ನಟ್ಟನಡುವೆ, ನಿಜ. ಹಿಂದೆ ಮೂವರು ಕಾಲು ಚಾಚಿ ಕೂರಬಹುದಿತ್ತು, ಡಿಕ್ಕಿಯಲ್ಲಿ ಇಡೀ ಮನೆಯ ಸಾಮಾನು ಹಿಡಿಯುತ್ತಿತ್ತು. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ 4 ನಕ್ಷತ್ರ ಸಿಕ್ಕಿತು. ಟ್ಯಾಕ್ಸಿಯವರು ಮುಗಿಬಿದ್ದು ಕೊಂಡರು. ಆಮೇಲೆ ನೋಡಿ, ಮನೆಯವರು ಮೂಗು ಮುರಿಯತೊಡಗಿದರು: "ಎಟಿಯೋಸಾ? ಓಲಾ ಗಾಡಿ ಇದ್ದ ಹಾಗಿದೆ." 2020ರಲ್ಲಿ ಅದರ ಮಾರಾಟವೇ ನಿಂತಿತು. ಎಂಜಿನ್ ಗಟ್ಟಿಯೆಂಬುದಕ್ಕೆ ಟ್ಯಾಕ್ಸಿ ಚಾಲಕನಿಗಿಂತ ಒಳ್ಳೆಯ ಸಾಕ್ಷಿ ಯಾರು? ಆ ಸಾಕ್ಷಿಯ ಮಾತು ನಮಗೆ ಬೇಕು, ಸಾಕ್ಷಿಯ ಪಕ್ಕದಲ್ಲಿ ನಿಲ್ಲಲು ಮಾತ್ರ ನಾಚಿಕೆ.

ನಮ್ಮ ಈ ನಾಚಿಕೆ ಕಂಪೆನಿಗಳಿಗೆ ಚೆನ್ನಾಗಿ ಗೊತ್ತು. 2015ರಲ್ಲಿ ಮಾರುತಿ ಕಂಪೆನಿ ನೆಕ್ಸಾ ಎಂಬ ಹೆಸರಿನಲ್ಲಿ ತಂಪಾದ, ಹೊಳೆಯುವ ಬೇರೆ ಷೋರೂಮುಗಳನ್ನೇ ತೆರೆಯಿತು. 2017ರಲ್ಲಿ ಹೊಸ ಡಿಸೈರ್ ಬಂದಾಗ ಹಳೆಯ ಮಾದರಿಯನ್ನು "ಟೂರ್" ಎಂಬ ಹೆಸರಿನಲ್ಲಿ ಟ್ಯಾಕ್ಸಿಯವರಿಗೆಂದು ಉಳಿಸಿಕೊಂಡಿತು. ಟಾಟಾ ನ್ಯಾನೋದ ಕಥೆ ಇದಕ್ಕಿಂತ ನೋವಿನದು. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಳೆಯಲ್ಲಿ ನೆನೆಯುತ್ತಾ ಹೋಗುವುದನ್ನು ಕಂಡು ರತನ್ ಟಾಟಾ ಅವರಿಗೆ ಹೊಳೆದ ಕಾರು, 2009ರಲ್ಲಿ ಬಂತು. ಬೆಂಕಿ ಹತ್ತಿದ ಕೆಲವು ಘಟನೆಗಳು, 2014ರ ಪರೀಕ್ಷೆಯಲ್ಲಿ ಸಿಕ್ಕ ಸೊನ್ನೆ ನಕ್ಷತ್ರ, ಇವೂ ಅದರ ಹೆಸರು ಕೆಡಿಸಿದವು. ಆದರೆ ಅದಕ್ಕೆ ಅಂಟಿದ ದೊಡ್ಡ ಕಳಂಕ "ಅತಿ ಅಗ್ಗದ ಕಾರು" ಎಂಬ ಬಿರುದು. ಹಾಗೆ ಹೇಳಿ ಮಾರಿದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿದರು. ಮಳೆಯಲ್ಲಿ ನೆನೆಯುವುದು ಸಹ್ಯ, ಅಗ್ಗದ ಕಾರಿನಲ್ಲಿ ಕಾಣಿಸಿಕೊಳ್ಳುವುದು ಅಸಹ್ಯ!

ಇದೆಲ್ಲ ಗಂಡಸರ ಹರಟೆಯೆಂದು ಪುಟ ಮಗುಚಬೇಡಿ. ಏಕೆಂದರೆ ಈ ಲಾಂಛನದ ಬಿಲ್ಲು ಕೊನೆಗೆ ಬಂದು ನಿಲ್ಲುವುದು ನಿಮ್ಮ ಹೊಸ್ತಿಲಲ್ಲಿ. ಹೆಣ್ಣು ಕೇಳಲು ಬಂದವರು "ನಮಗೇನೂ ಬೇಡ, ಹುಡುಗಿಯ ಸಂತೋಷಕ್ಕೆ ನೀವು ಏನು ಕೊಟ್ಟರೂ..." ಎಂದು ಹೇಳಿ, ಮರುವಾರ ಮಧ್ಯವರ್ತಿಯ ಮೂಲಕ ಕಾರಿನ ಹೆಸರನ್ನೇ ಹೇಳಿ ಕಳಿಸುವುದಿಲ್ಲವೇ? ಹುಡುಗಿಗೆ ಮಹರ್ ಕೊಡಬೇಕಾದವನು ಅವಳ ತಂದೆಯಿಂದ ಕಾರು ಕೇಳುತ್ತಾನೆ. ಕಾರು ಎಂದಷ್ಟೇ ಅಲ್ಲ, ಇಂಥ ಕಂಪೆನಿಯದೇ ಆಗಬೇಕು! 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೇಳುವುದೂ ಅಪರಾಧ. ಉಡುಗೊರೆಯೆಂಬ ಸುಂದರ ಹೆಸರಿಟ್ಟ ಮಾತ್ರಕ್ಕೆ ಬೇಡಿಕೆ ಉಡುಗೊರೆಯಾಗುವುದಿಲ್ಲ.

ಸ್ವಂತಕ್ಕೆ ಕೊಳ್ಳುವಾಗಲೂ ಲೆಕ್ಕ ಹಾಕಿ. ಬಡ್ಡಿಯ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆಂದು ನಿಮಗೆ ತಿಳಿದಿದೆ, ಇಲ್ಲಿ ನಾನು ಬರೀ ಅಂಕಗಣಿತ ಹೇಳುತ್ತೇನೆ. "ಇನ್ನು ಮೂರು ಲಕ್ಷ ಸೇರಿಸಿದರೆ ದೊಡ್ಡ ಹೆಸರಿನದೇ ಬರುತ್ತದೆ" ಎಂದು ಷೋರೂಮಿನ ಹುಡುಗ ನಗುತ್ತಾ ಹೇಳುತ್ತಾನೆ. ವರ್ಷಕ್ಕೆ ಶೇಕಡಾ 9ರಂತೆ ಐದು ವರ್ಷದ ಸಾಲವಾದರೆ ಆ ಮೂರು ಲಕ್ಷಕ್ಕೇ ತಿಂಗಳಿಗೆ ಸುಮಾರು 6,230 ರೂಪಾಯಿ ಕಂತು. ಮುಗಿಯುವಾಗ ತೆತ್ತದ್ದು ಸುಮಾರು 3 ಲಕ್ಷ 74 ಸಾವಿರ. ಕಾರಿನ ಬೆಲೆಯೇರಿದಂತೆ ವಿಮೆಯೂ ರಸ್ತೆ ತೆರಿಗೆಯೂ ಏರುತ್ತವೆ, ಕರ್ನಾಟಕದಲ್ಲಿ ಆ ತೆರಿಗೆ ಮೊದಲೇ ಭಾರ. ಐದು ವರ್ಷ ತಿಂಗಳಿಗೆ ಆರು ಸಾವಿರವೆಂದರೆ ಮಗಳ ಕಾಲೇಜು ಫೀಸಿನ ಮಾತು.

ಇನ್ನು ಕಾರು ನಂಬಿಕೆಗೆ ಯೋಗ್ಯವಾಗಿ ಓಡುವುದು ಅರ್ಧ ಕಂಪೆನಿಯ ಕೈಯಲ್ಲಿ, ಅರ್ಧ ನಮ್ಮ ಕೈಯಲ್ಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಒಂದು ಜಾಲರಿಯಿದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ತೆರೆದ ರಸ್ತೆಯಲ್ಲಿ ಒಂದಿಷ್ಟು ಹೊತ್ತು ಓಡಬೇಕು. ಬಸವೇಶ್ವರನಗರದಿಂದ ರಾಜಾಜಿನಗರದ ಶಾಲೆಗೆ ಮಕ್ಕಳನ್ನು ಬಿಟ್ಟು ಬರಲು ಮಾತ್ರ ಡೀಸೆಲ್ ಗಾಡಿ ಇಟ್ಟುಕೊಂಡರೆ, ಎಂಥ ಲಾಂಛನವಿದ್ದರೂ ಜಾಲರಿ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಪೆಟ್ರೋಲ್ ಗಾಡಿಯೇ ಸರಿ. ದೊಡ್ಡ ಹೆಸರು ಸದಾ ಉಳಿಯುತ್ತದೆಂಬ ಭರವಸೆಯೂ ಬೇಡ. ಷೆವ್ರೊಲೆ ಕಂಪೆನಿ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ಗ್ರಾಹಕರಿಗೆ ಕಾರು ತಯಾರಿಸುವುದನ್ನು ಬಿಟ್ಟಿತು. ಎರಡೂ ಅಮೆರಿಕದ ಮಹಾ ಹೆಸರುಗಳು.

ಸಲಹೆ ಬೇಕಿದ್ದರೆ ನೆಂಟರನ್ನು ಕೇಳುವ ಬದಲು ಕಾಮಾಕ್ಷಿಪಾಳ್ಯದ ಕಡೆಯ ಯಾವುದಾದರೂ ಗ್ಯಾರೇಜಿನ ಉಸ್ತಾದ್‌ರನ್ನು ಕೇಳಿ. (ಮದ್ರಸದಲ್ಲಿ ಪಾಠ ಹೇಳುವವರಿಗೂ ಗ್ರೀಸ್ ಮೆತ್ತಿದ ಕೈಯವರಿಗೂ ನಾವು ಒಂದೇ ಬಿರುದು ಕೊಟ್ಟಿರುವುದು ನನಗೆ ತುಂಬ ಇಷ್ಟ.) ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸಲೀಸಾಗಿ ಸಿಗುತ್ತದೆಯೇ, ಕ್ಲಚ್ ಬದಲಿಸಲು ಎಷ್ಟಾಗುತ್ತದೆ, ಈ ಮಾದರಿ ಯಾವ ತೊಂದರೆಯಿಂದ ಹೆಚ್ಚಾಗಿ ಬರುತ್ತದೆ ಎಂದು ಅವರು ನಿಮಗೆ ಹತ್ತು ನಿಮಿಷದಲ್ಲಿ ಹೇಳಿಯಾರು. ಹಳೆಯ ಕಾರಾದರೆ ಸರ್ವಿಸ್ ದಾಖಲೆ ಕೇಳಿ, ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ತೀರಿದೆಯೇ ನೋಡಿ. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಗಾಡಿಯನ್ನು ಬಿಸಿ ಮಾಡಿಟ್ಟಿದ್ದರೆ, ಏಕೆಂದು ಕೇಳಲು ಸಂಕೋಚ ಬೇಡ.