ಊಹೆಯೂ ಸಿದ್ಧಾಂತವೂ

ಕೆಲವು ದಿನಗಳ ಕೆಳಗೆ ನಿವೃತ್ತ ಅಧಿಕಾರಿಗಳೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ, ತಮ್ಮ ನಿವೃತ್ತಿವೇತನದಿಂದ ಅಚ್ಚು ಹಾಕಿಸಿದ ಕಿರುಹೊತ್ತಗೆಯೊಂದನ್ನು ನಮ್ಮ ಕೈಯಲ್ಲಿಟ್ಟರು. ವಿಶ್ವದ ಉತ್ಪತ್ತಿ, ಕೃಷ್ಣರಂಧ್ರ, ಪ್ರತಿದ್ರವ್ಯ ಈ ಮೂರರ ರಹಸ್ಯವೂ ಅದರಲ್ಲಿ ಬಯಲಾಗಿದೆಯೆಂದು ಅವರ ನಂಬಿಕೆ. “ವಿದ್ವಾಂಸರಿಗೆಲ್ಲ ಕಳುಹಿಸಿದೆನು, ಸರಿಯೆಂದವರೂ ಇಲ್ಲ, ತಪ್ಪೆಂದವರೂ ಇಲ್ಲ” ಎಂದು ನೊಂದು ನುಡಿದರು. ಇಂಥ ಬರಹಗಳು ನಮಗೆ ಆಗಾಗ್ಗೆ ಬರುತ್ತಿರುತ್ತವೆ. ಸಂಸಾರದ ತಾಪತ್ರಯಗಳ ನಡುವೆಯೂ ಆಕಾಶದ ಕಡೆಗೆ ತಲೆಯೆತ್ತುವ ಮಹನೀಯರನ್ನು ಪರಿಹಾಸ್ಯ ಮಾಡುವುದು ಸಲ್ಲದು. ಉತ್ತರ ಕೊಡದೆ ಸುಮ್ಮನಿರುವುದೂ ಸಲ್ಲದು.

ಆ ಹೊತ್ತಗೆಯ ಮುಖ್ಯ ಮತವನ್ನೇ ಪರಿಶೀಲಿಸೋಣ. ದ್ರವ್ಯದ ಒಂದೊಂದು ಕಣಕ್ಕೂ ವಿರುದ್ಧ ವಿದ್ಯುದಂಶವುಳ್ಳ ಜೋಡಿ ಕಣವೊಂದುಂಟು. ಎರಡೂ ಕೂಡಿದರೆ ಎರಡೂ ಅಳಿದು ಶಕ್ತಿಯಾಗುತ್ತವೆ. ೧೯೨೮ರಲ್ಲಿ ಇಂಗ್ಲೆಂಡಿನ ಡಿರಾಕ್ ಬರೆದ ಸಮೀಕರಣದಲ್ಲಿ ಇದರ ಸೂಚನೆಯಿತ್ತು. ೧೯೩೨ರಲ್ಲಿ ಅಮೆರಿಕದ ಆಂಡರ್ಸನ್ ವಿಶ್ವಕಿರಣಗಳ ಜಾಡಿನಲ್ಲಿ ಅಂಥ ಕಣವನ್ನು ಕಂಡನು. ಸುಮಾರು ೧೩೮೦ ಕೋಟಿ ವರ್ಷಗಳ ಹಿಂದೆ ವಿಶ್ವವು ವಿಸ್ತರಿಸಲಾರಂಭಿಸಿದಾಗ ದ್ರವ್ಯ ಪ್ರತಿದ್ರವ್ಯಗಳು ಸಮವಾಗಿ ಹುಟ್ಟಿರಬೇಕಷ್ಟೆ. ಈಗ ಎತ್ತ ನೋಡಿದರೂ ದ್ರವ್ಯವೇ ಕಾಣುವುದೇಕೆ? “ಪ್ರತಿದ್ರವ್ಯವನ್ನು ಗುರುತ್ವವು ಸೆಳೆಯದೆ ದೂಡುತ್ತದೆ, ಆದಕಾರಣ ಅದು ನಮ್ಮಿಂದ ದೂರಕ್ಕೆ ಓಡಿ ಬೇರೊಂದು ವಿಶ್ವವಾಯಿತು” ಎಂಬುದು ಹೊತ್ತಗೆಯ ಸಮಾಧಾನ. ಕೇಳುವುದಕ್ಕೆ ಇಂಪಾಗಿದೆ, ದೊಡ್ಡ ವಿದ್ವಾಂಸರೂ ಈ ಸಾಧ್ಯತೆಯನ್ನು ಚರ್ಚಿಸಿದ್ದುಂಟು.

ಆದರೆ ಪ್ರಶ್ನೆಯನ್ನು ಪ್ರಕೃತಿಗೇ ಕೇಳಿ ಆಗಿದೆ. ಜಿನೀವಾದ ಸರ್ನ್ ಸಂಸ್ಥೆಯ ಆಲ್ಫಾ ತಂಡದವರು ನೆಟ್ಟಗೆ ನಿಲ್ಲಿಸಿದ ಕೊಳವೆಯೊಳಗೆ ಕಾಂತಶಕ್ತಿಯಿಂದ ಪ್ರತಿಜಲಜನಕದ ಪರಮಾಣುಗಳನ್ನು, ಒಂದು ಸಲಕ್ಕೆ ಸುಮಾರು ೧೦೦ರಂತೆ, ಸೆರೆಹಿಡಿದು, ಮೇಲಿನ ಮತ್ತು ಕೆಳಗಿನ ತಡೆಗಳನ್ನು ಮೆಲ್ಲನೆ ಸಡಿಲಿಸಿದರು. ಬಹುಪಾಲು ಪರಮಾಣುಗಳು ಕೆಳಗಿನಿಂದಲೇ ಹೊರಬಿದ್ದವು. ೨೦೨೩ರಲ್ಲಿ ಈ ಫಲವು ಪ್ರಕಟವಾಯಿತು. ಪ್ರತಿದ್ರವ್ಯವೂ ಮಾವಿನ ಹಣ್ಣಿನಂತೆ ಭೂಮಿಗೇ ಬೀಳುತ್ತದೆ. ಮೂಲಪ್ರಶ್ನೆಯೇನೋ ಹಾಗೆಯೇ ಉಳಿದಿದೆ; ಆದರೆ ಆ ಉತ್ತರವು ಬಿದ್ದುಹೋಯಿತು.

ಹಾಗಾದರೆ ಪ್ರಯೋಗಶಾಲೆಯ ಹೊರಗಿನವರು ಯೋಚಿಸಲೇಬಾರದೆ? ಹಾಗಲ್ಲ. ೧೭೮೩ರಲ್ಲಿ ಇಂಗ್ಲೆಂಡಿನ ಥಾರ್ನ್‌ಹಿಲ್ ಗ್ರಾಮದ ಪಾದ್ರಿ ಜಾನ್ ಮಿಚೆಲ್, ಸೂರ್ಯನಷ್ಟೇ ಸಾಂದ್ರತೆಯುಳ್ಳ ನಕ್ಷತ್ರವು ಸೂರ್ಯನ ೫೦೦ ಮಡಿ ವ್ಯಾಸವುಳ್ಳದ್ದಾದರೆ ಅದರ ಬೆಳಕು ಅದನ್ನು ಬಿಟ್ಟು ಹೋಗಲಾರದೆಂದು ಗಣಿಸಿದನು. ಅಷ್ಟಕ್ಕೇ ನಿಲ್ಲದೆ, ಕಾಣದ ಅಂಥ ನಕ್ಷತ್ರವನ್ನು ಅದರ ಸುತ್ತ ತಿರುಗುವ ಜೊತೆನಕ್ಷತ್ರದ ಚಲನೆಯಿಂದ ಪತ್ತೆಮಾಡಬಹುದೆಂಬ ಉಪಾಯವನ್ನೂ ಹೇಳಿದನು. ಬೆಳಕನ್ನು ಕುರಿತ ಅವನ ತಿಳಿವಳಿಕೆ ಇಂದು ನಿಲ್ಲದು. ಆದರೆ ಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-೧ ಎಂಬ ಕೃಷ್ಣರಂಧ್ರವನ್ನು ಗುರುತಿಸಿದ್ದರಲ್ಲಿ ಆ ಉಪಾಯವೇ ನೆರವಾಯಿತು. ತನ್ನನ್ನು ಪರೀಕ್ಷಿಸುವ ದಾರಿಯನ್ನು ತಾನೇ ತೋರಿಸಿಕೊಟ್ಟದ್ದು ಆ ಪಾದ್ರಿಯ ಹಿರಿಮೆ.

ಇನ್ನು ಕೆಲವರು, ಪ್ರಳಯವೆಂದರೆ ಕೃಷ್ಣರಂಧ್ರವೇ, ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ವಾದಿಸುತ್ತಾರೆ. ದೇಶಾಭಿಮಾನಕ್ಕೆ ಈ ಊರುಗೋಲು ಬೇಕಿಲ್ಲ. ೧೯೩೮ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು, ಕದಲಿಸಿದ ಕೃಷ್ಣರಂಧ್ರವು ಬಾರಿಸಿದ ಗಂಟೆಯಂತೆ ನಿಯತ ಸ್ವರದಲ್ಲಿ ಮಿಡಿದು ಬೇಗನೆ ಅಡಗುವುದೆಂದು ೧೯೭೦ರಲ್ಲಿ ಗಣಿತದಿಂದ ತೋರಿಸಿದರು. ಕೃಷ್ಣರಂಧ್ರಗಳುಂಟೆ ಎಂಬುದೇ ಆಗ ಸಂದೇಹದ ಮಾತು. ೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಲೈಗೋ ಯಂತ್ರಗಳು ಎರಡು ಕೃಷ್ಣರಂಧ್ರಗಳ ಸಂಗಮದಿಂದ ಎದ್ದ ಗುರುತ್ವದ ಅಲೆಯನ್ನು ಹಿಡಿದಾಗ, ಅದರ ಕೊನೆಯ ಭಾಗವು ಆ ಗಣಿತಕ್ಕೆ ಹೊಂದಿಕೊಂಡಿತು. ೪೫ ವರ್ಷ ಕಾದಿದ್ದ ಲೆಕ್ಕವು ಫಲಿಸಿದ್ದನ್ನು ಅವರು ಕಂಡರು, ೨೦೧೭ರಲ್ಲಿ ತೀರಿಕೊಂಡರು. ಅಭಿಮಾನಪಡುವುದಾದರೆ ಇಂಥದಕ್ಕೆ ಪಡೋಣ.

ನಮ್ಮ ತರ್ಕಶಾಸ್ತ್ರವು ಬಹು ಹಿಂದೆಯೇ ಈ ಕ್ರಮವನ್ನು ಹಾಕಿಕೊಟ್ಟಿದೆ. ಪೂರ್ವಪಕ್ಷವನ್ನು ಎದುರಿಸಿ ನಿಂತದ್ದು ಸಿದ್ಧಾಂತ. ಎದುರಿಸದೆ ಇರುವುದು ಎಷ್ಟೇ ಸೊಗಸಾಗಿದ್ದರೂ ಊಹೆ. ಊಹೆ ಹೀನವಾದುದಲ್ಲ, ಸಿದ್ಧಾಂತವೆಲ್ಲವೂ ಮೊದಲು ಊಹೆಯೇ; ಆದರೆ ಊಹೆಗೆ ಸಿದ್ಧಾಂತದ ಪಟ್ಟವನ್ನು ನಾವೇ ಕಟ್ಟಿಕೊಳ್ಳುವಂತಿಲ್ಲ. ಈ ಮಾತನ್ನೇ ನಾವು ಆ ಹಿರಿಯರಿಗೂ ಅರಿಕೆ ಮಾಡಿ, ಜಿನೀವಾದ ವೃತ್ತಾಂತವನ್ನು ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಂತೂ ನನ್ನ ಪ್ರಶ್ನೆಗೆ ಉತ್ತರ ಬಂದಿತು” ಎಂದು ಹೇಳಿ, ಹೊತ್ತಗೆಯನ್ನು ತಿದ್ದುವುದಕ್ಕಾಗಿ ಹಿಂದಕ್ಕೆ ಪಡೆದುಕೊಂಡು ಹೋದರು. ಅವರಲ್ಲಿ ನಮ್ಮ ಗೌರವವು ಇಮ್ಮಡಿಯಾಯಿತು.

ಇನ್ನು ಮುಂದೆ ವಿಶ್ವವನ್ನು ಕುರಿತು ಬರೆಯುವ ವಾಚಕರಲ್ಲಿ ನಮ್ಮದೊಂದೇ ವಿಜ್ಞಾಪನೆ: ಯಾವುದು ಕಂಡುಬಂದರೆ ನಿಮ್ಮ ಮತವನ್ನು ನೀವೇ ಕೈಬಿಡುವಿರೆಂಬುದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ತಿಳಿಸಿರಿ. ಅಂಥ ಪತ್ರಕ್ಕೆ ಈ ಪುಟದಲ್ಲಿ ಯಾವಾಗಲೂ ಸ್ಥಳವುಂಟು.