ಬಂಡಿ ದಾರಿ ಹಿಡಿದು ಹೊಳೆಗೆ

ಕೊಣನೂರು ಬಸ್‌ಸ್ಟ್ಯಾಂಡಿನ ಹತ್ತಿರ ಕಾಫಿ ಮುಗಿಸಿ ಫೋನು ತೆಗೆದೆ. ಒಳಗೆ ಎರಡು ನಕ್ಷೆಗಳು. ಒಂದು, ಭೂದಾಖಲೆ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿಕೊಂಡ ಗ್ರಾಮನಕ್ಷೆ. ಹಾಳೆ ಮಡಚಿಟ್ಟ ಗುರುತೂ ಸ್ಕ್ಯಾನಿನಲ್ಲಿ ಹಾಗೇ ಬಂದಿದೆ. ಇನ್ನೊಂದು ದಿಶಾಂಕ್ ಆ್ಯಪ್. ಗ್ರಾಮನಕ್ಷೆಯ ಗೆರೆಗಳನ್ನೇ ಉಪಗ್ರಹ ಚಿತ್ರದ ಮೇಲೆ ಹಾಸಿ, ನಿಂತ ನೆಲದ ಸರ್ವೆ ನಂಬರು ಹೇಳುತ್ತದೆ.

ಇಂಥ ಗ್ರಾಮನಕ್ಷೆಗಳಿಗೆ ಮೂಲವಾದ ಕಂದಾಯ ಸರ್ವೆ ಮೈಸೂರು ಸಂಸ್ಥಾನದಲ್ಲಿ ಶುರುವಾದದ್ದು 1863ರಲ್ಲಿ, ಮುಂಬಯಿ ಪ್ರಾಂತ್ಯದ ಪದ್ಧತಿಯಂತೆ. ಅಳತೆಗೆ 33 ಅಡಿಯ ಸರಪಳಿ, ಅದರಲ್ಲಿ ಆಣೆ ಎಂಬ 16 ಭಾಗ. ಸರಪಳಿಯುದ್ದ, ಸರಪಳಿಯಗಲದ ಚೌಕವೇ ಒಂದು ಗುಂಟೆ. 40 ಗುಂಟೆ ಕೂಡಿದರೆ ಎಕರೆ. ಮೈಲಿಗೆ 8 ಇಂಚಿನ ಲೆಕ್ಕದ ನಕ್ಷೆಯಲ್ಲಿ ಒಂದಿಂಚು ಅಂದರೆ 20 ಸರಪಳಿ. ನಾವು ಇಂದಿಗೂ ಜಗಳವಾಡುವ ಗುಂಟೆ ಆ ಕಬ್ಬಿಣದ ಕೊಂಡಿಗಳಿಂದಲೇ ಬಂದದ್ದು.

ಗ್ರಾಮನಕ್ಷೆಯಲ್ಲಿ ಜೋಡಿ ಚುಕ್ಕೆಗೆರೆ ಅಂದರೆ ಬಂಡಿ ದಾರಿ, ಒಂಟಿಯಾದರೆ ಕಾಲುದಾರಿ. ಜೋಡಿ ಗೆರೆಯೊಂದನ್ನು ಹಿಡಿದು ಹೊರಟೆ. ಅಂಗಡಿಸಾಲು ಮುಗಿಯುವವರೆಗೆ ಅದು ಟಾರು ರಸ್ತೆ. ಆಮೇಲೆ ಮಣ್ಣು, ಹೊಗೆಸೊಪ್ಪಿನ ಬ್ಯಾರನ್ ದಾಟಿದ ಮೇಲೆ ಬರೀ ಬದು. ತಂತಿಬೇಲಿಯೊಂದರ ಬುಡದಲ್ಲಿ ಅರ್ಧ ಹೂತ ಬಾಂದುಕಲ್ಲು. ಮಣ್ಣು ಕೆರೆದು ನೋಡಿದರೆ ನೆತ್ತಿಯ ಗುರುತು ಸವೆದು ನುಣ್ಣಗಾಗಿತ್ತು. ಫೋನಿನ ನೀಲಿ ಚುಕ್ಕೆ ಮಾತ್ರ ನಾನು ಪಕ್ಕದ ಹೊಲದಲ್ಲಿದ್ದೇನೆ ಅಂದಿತು.

"ಏನ್ ಸಾರ್, ಸರ್ವೆಗೆ ಬಂದ್ರಾ?" ಬೇಲಿಯಾಚೆಯಿಂದ ಯಜಮಾನರೊಬ್ಬರು ಕೇಳಿದರು.

"ಇಲ್ಲ ಯಜಮಾನ್ರೇ, ಹಳೇ ದಾರಿ ನೋಡ್ತಿದ್ದೀನಿ."

"ದಾರಿ ಅಂತ ಜೋರಾಗಿ ಅನ್ಬೇಡಿ. ಇಲ್ಲಿ ದಾರಿ ಅಂದ್ರೆ ಕೋರ್ಟು" ಎಂದು ನಕ್ಕರು.

ಮಾತು ನಿಜ. ನೆಲದ ಮೇಲೆ ಅಳಿಸಿದ ಗಾಡಿಜಾಡು ಕಾಗದದಲ್ಲಿ ಉಳಿದಿರುವತನಕ ವ್ಯಾಜ್ಯಕ್ಕೆ ಜೀವವಿರುತ್ತದೆ. ಅದನ್ನು ಬಗೆಹರಿಸುವುದು ನನ್ನ ಫೋನಲ್ಲ. ಸರ್ವೆಯರ್ ಬಂದೇ ಅಳೆಯಬೇಕು.

ಬಳಸಿಕೊಂಡು ಕಾವೇರಿಗೆ ಬಂದೆ. ಜೋಡಿ ಗೆರೆ ನೀರಂಚಿಗೆ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಈಗ ತೂಗುಸೇತುವೆಯಿದೆ. ಹಳೆಯ ಹಾಳೆಯಲ್ಲಿ ಅದರ ಸುಳಿವಿಲ್ಲ. ನಡುಮಧ್ಯೆ ಹೋಗಿ ನಿಂತೆ. ಎದುರಿಂದ ಶಾಲೆ ಹುಡುಗರು ಓಡಿಬಂದರು, ಹಲಗೆ ತೊಟ್ಟಿಲಿನಂತೆ ತೂಗಿತು. ಕಂಬಿ ಹಿಡಿದುಕೊಂಡು ಫೋನು ನೋಡಿದೆ: ಎರಡೂ ದಡದಲ್ಲಿ ನಂಬರುಗಳ ಕಿಕ್ಕಿರಿದ ಸಂತೆ. ನನ್ನ ಕಾಲಡಿಯ ಹೊಳೆಗೆ ಮಾತ್ರ ನಂಬರಿರಲಿಲ್ಲ.