ಸಹ್ಯಾದ್ರಿಯ ಮರೆಯ ಗಾಳಿಯಲೆಗಳು

ಮುಂಗಾರಿನ ಪಡುವಣ ಗಾಳಿ ಸಹ್ಯಾದ್ರಿಯನ್ನೇರುವಾಗ ತನ್ನ ತೇವದ ಬಹುಪಾಲನ್ನು ಘಟ್ಟದಲ್ಲಿಯೇ ಸುರಿಸಿಬಿಡುವುದರಿಂದ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆಯಾದರೆ ಘಟ್ಟದ ಮೂಡಣಕ್ಕಿರುವ ಹುಬ್ಬಳ್ಳಿ-ಧಾರವಾಡದಲ್ಲಿ ಅದು 800 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಬೆಟ್ಟವೇರಿದ ಗಾಳಿ ಸುತ್ತಲಿನ ಗಾಳಿಗಿಂತ ತಂಪಾಗಿ, ಭಾರವಾಗಿ ಆಚೆ ಬದಿಗೆ ಇಳಿಯುತ್ತದೆ. ಇಳಿದ ರಭಸಕ್ಕೆ ತನ್ನ ಮಟ್ಟವನ್ನು ಮೀರಿ ಕೆಳಗೆ ಹೋಗಿ, ಅಲ್ಲಿ ಬೆಚ್ಚಗಾಗಿ ಮತ್ತೆ ಮೇಲೇಳುತ್ತದೆ. ಹೀಗೆ ಬೆಟ್ಟದ ಮರೆಯಲ್ಲಿ ಉಂಟಾಗುವ ಏರಿಳಿತಕ್ಕೆ ಪರ್ವತ ಅಲೆ ಎಂದು ಹೆಸರು. ಗಾಳಿ ಹರಿದು ಹೋಗುತ್ತಿದ್ದರೂ ಅಲೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಕಣ್ಣಿಗೆ ಕಾಣದ ಈ ಅಲೆಯನ್ನು ಅಳೆಯಲು ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್ ಉತ್ತಮ ಸಾಧನವಾಗಿದೆ. ಅಲುಗದ ಗಾಳಿಯಲ್ಲಿ ಸೆಕೆಂಡಿಗೆ 1 ಮೀಟರ್‌ನಂತೆ ಇಳಿಯುವ ಗ್ಲೈಡರ್ 4 ಮೀಟರ್‌ನಂತೆ ಏರುತ್ತಿದ್ದರೆ, ಅಲ್ಲಿನ ಗಾಳಿ ಸೆಕೆಂಡಿಗೆ 5 ಮೀಟರ್ ಮೇಲೇಳುತ್ತಿದೆ ಎಂದು ನೇರವಾಗಿ ಲೆಕ್ಕ ಹಾಕಬಹುದು. ಹೊಗೆಯುಗುಳುವ ಎಂಜಿನ್ ಇಲ್ಲದಿರುವುದರಿಂದ ಗಾಳಿಯ ಮಾದರಿಯೂ ಕೆಡುವುದಿಲ್ಲ. ಜರ್ಮನಿಯ ಗ್ಲೈಡರ್ ಚಾಲಕರು 1933ರಲ್ಲಿ ಗುರುತಿಸಿದ ಈ ಅಲೆಗಳನ್ನು ಏರಿ, ಪರ್ಲಾನ್ 2 ಎಂಬ ಗ್ಲೈಡರ್ 2018ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾದ ಆಂಡೀಸ್ ಪರ್ವತದ ಮೇಲೆ 76,000 ಅಡಿಗಳನ್ನು ದಾಟಿ, ಓಝೋನ್ ಪದರವಿರುವ ಸಮೋಷ್ಣ ಮಂಡಲದೊಳಗೆ ಹಾರಿತು. ಅಲ್ಲಿ ಚಳಿಗಾಲದ ಪಡುವಣ ಗಾಳಿ ಮೇಲೆ ಹೋದಂತೆ ಬಲಗೊಳ್ಳುವುದರಿಂದ ಅಲೆಯೂ ಅಷ್ಟು ಎತ್ತರಕ್ಕೆ ಸಾಗುತ್ತದೆ.

ಸಹ್ಯಾದ್ರಿಯ ಸ್ಥಿತಿ ಬೇರೆ. ಮುಂಗಾರಿನಲ್ಲಿ ಪಡುವಣ ಗಾಳಿಯ ಪ್ರಾಬಲ್ಯ ಸುಮಾರು 6-7 ಕಿ.ಮೀ. ಎತ್ತರಕ್ಕೆ ಮುಗಿದು, ಅದರಾಚೆ ಮೂಡಣ ಗಾಳಿ ಬೀಸುತ್ತದೆ. ಇನ್ನೂ ಮೇಲೆ, 1958ರಲ್ಲಿ ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ವಿವರಿಸಿದ ಮೂಡಣ ಜೆಟ್ ಪ್ರವಾಹ ಹರಿಯುತ್ತದೆ. ನಿಂತಲ್ಲೇ ನಿಲ್ಲುವ ಅಲೆಗೆ ಗಾಳಿಯ ದಿಕ್ಕು ತಿರುಗುವ ಮಟ್ಟವನ್ನು ದಾಟಲಾಗದ ಕಾರಣ ಅದರ ಶಕ್ತಿ ಅಲ್ಲಿಯೇ ಕರಗುತ್ತದೆ. ಆದ್ದರಿಂದ ಧಾರವಾಡದ ಮುಂಗಾರು ಬಾನಿನಲ್ಲಿ ಪರ್ಲಾನ್‌ನಂಥ ಹಾರಾಟ ಸಾಧ್ಯವಿಲ್ಲ. ಆದರೆ ಘಟ್ಟದ ಗಾಳಿಯ ಏರಿಳಿತಕ್ಕೂ ಮಳೆಗೂ ಇರುವ ನಂಟು ಗಟ್ಟಿಯಾದುದು. ಮುಂಬಯಿ-ಪುಣೆ ಭಾಗದ ಘಟ್ಟವನ್ನು ಆಧಾರವಾಗಿಟ್ಟುಕೊಂಡು ಹವಾಮಾನ ವಿಜ್ಞಾನಿ ಆರ್. ಪಿ. ಸರ್ಕಾರ್ ಅವರು ಈ ನಂಟನ್ನು 1960ರ ದಶಕದಲ್ಲಿಯೇ ಗಣಿತಕ್ಕೆ ಅಳವಡಿಸಿದ್ದರು.

ಮಳೆಯನ್ನೇ ನಂಬಿ ಬಿತ್ತುವ ಈ ಸೀಮೆಯ ಹವಾ ಮುನ್ಸೂಚನೆ ಇನ್ನಷ್ಟು ನಿಖರವಾಗಬೇಕಾದರೆ ಲೋಂಡಾ, ಕ್ಯಾಸಲ್‌ರಾಕ್‌ಗಳಿಂದ ಧಾರವಾಡದವರೆಗಿನ ಗಾಳಿಯನ್ನು ಎತ್ತರ ಎತ್ತರದಲ್ಲಿ ಅಳೆಯಬೇಕು. ಮೋಡಗಳ ನಡುವೆ ಬಲೂನುಗಳಿಂದಲೂ, ಬಾನು ತಿಳಿಯಾದ ದಿನಗಳಲ್ಲಿ ಉಪಕರಣ ಹೊತ್ತ ಚಿಕ್ಕ ಗ್ಲೈಡರ್‌ಗಳಿಂದಲೂ ಆಗಬಹುದಾದ ಈ ಕೆಲಸವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಐಐಟಿಯೂ ಜೊತೆಗೂಡಿ ಕೈಗೆತ್ತಿಕೊಳ್ಳಬೇಕು.